ಆಳಿಲ್ಲದ ತೆಪ್ಪ ಬಂದ ವರ್ಷ

ಹೋದ ತಿಂಗಳು ಶೆಟ್ಟಿಕೆರೆಯಲ್ಲಿ ಬಸ್ಸು ಇಳಿದು ಊರಿನ ಕಡೆ ಹೋಗುವ ಆಟೋಗೆ ಕಾಯುತ್ತಿದ್ದೆ. ಮಳೆ ಆಗಷ್ಟೇ ಬಂದು ನಿಂತಿತ್ತು. ರಸ್ತೆಯ ಪಕ್ಕದ ಗುಂಡಿಯಲ್ಲಿ ಯಾರೋ ಸುರಿದಿದ್ದ ತೆಂಗಿನಕಾಯಿ ಸಿಪ್ಪೆ ನೀರು ಕುಡಿದು ಕಪ್ಪಾಗಿತ್ತು. ಅದರ ವಾಸನೆ ಗೊತ್ತಿದ್ದವರಿಗೇ ಗೊತ್ತು; ಸ್ವಲ್ಪ ಹುಳಿ, ಸ್ವಲ್ಪ ಮಣ್ಣು, ಸ್ವಲ್ಪ ಹಳೆಯ ಗೋಣಿಚೀಲ. ಆಟೋದವನು ಬಂದು ಎರಡು ಸಲ ಹಾರನ್ ಮಾಡಿದ ಮೇಲೆ ನನಗೆ ಎಚ್ಚರವಾಯಿತು. ನಮ್ಮೂರಿನ ಕೆರೆ ಕೋಡಿ ಬಿದ್ದ ವರ್ಷ ಊರಿಗೆ ಊರೇ ಮೂರು ತಿಂಗಳು ಈ ವಾಸನೆಯೊಳಗೆ ಬದುಕಿತ್ತು.

ನಾನು ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಕೆರೆ ಎಂದರೆ ಒಂದು ಬಯಲು. ದನ ಮೇಯುತ್ತಿದ್ದವು, ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಒಂದು ಮೂಲೆಯಲ್ಲಿ ಮಾತ್ರ ಎಮ್ಮೆ ಮುಳುಗುವಷ್ಟು ನೀರು. ಅಂಚಿನ ಜಮೀನಿನವರು ವರ್ಷಕ್ಕೆ ಒಂದೋ ಎರಡೋ ಸಾಲಿನಂತೆ ತೆಂಗಿನ ಸಸಿ ಇಡುತ್ತ ಇಡುತ್ತ ಕೆರೆಯ ಅಂಗಳಕ್ಕೇ ಇಳಿದುಬಿಟ್ಟಿದ್ದರು. ಯಾರೂ ಯಾರನ್ನೂ ಕೇಳಲಿಲ್ಲ. ನೀರು ಬಂದರೆ ತಾನೇ ಕೇಳುವುದು ಎನ್ನುತ್ತಿದ್ದರು.

ಆ ವರ್ಷ ನೀರು ಬಂತು. ನಾಲೆಯದೂ ಬಂತು, ಮಳೆಯದೂ ಬಂತು. ಶ್ರಾವಣದಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಒಗೆದ ಬಟ್ಟೆ ಒಣಗದೆ ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದೆವು. ಎಲ್ಲರ ಮೈಯಲ್ಲೂ ಹೊಗೆಯ ವಾಸನೆ. ಬೆಂಕಿಪೊಟ್ಟಣವನ್ನು ರಾಗಿ ಡಬ್ಬದೊಳಗೆ ಹುಗಿದಿಡುತ್ತಿದ್ದೆ. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹಾಕಿದ್ದ ಕಾಯಿಗಳಿಗೆ ಬೂಷ್ಟು ಹತ್ತಿ, ದಿನಕ್ಕೊಂದು ಮೂಲೆಯಂತೆ ನಾನೂ ಯಜಮಾನರೂ ಏಣಿ ಹತ್ತಿ ಹೊರಳಿಸಿದೆವು. ಹಸುಗಳ ಗೊರಸು ಮೆತ್ತಗಾಗಿ ಕುಂಟುತ್ತಿದ್ದವು. ಮಹಾಲಯ ಅಮಾವಾಸ್ಯೆಗೆ ವಾರ ಮೊದಲೇ ಕೋಡಿ ಬಿತ್ತು. ಹೆಂಗಸರೆಲ್ಲ ಬಾಗಿನ ಹಿಡಿದು ಏರಿಯ ಮೇಲೆ ನಿಂತಾಗ ಎದುರಿಗೆ ನೋಡಿದರೆ, ಅಂಚಿನ ತೋಟಗಳು ನಡುಮಟ್ಟ, ಎದೆಮಟ್ಟ, ಇನ್ನೂ ಒಳಗಿನವು ಎರಡಾಳು ನೀರಿನಲ್ಲಿ ನಿಂತಿದ್ದವು. ನೀರಿನ ಮೇಲೆ ಬರೀ ಅರ್ಧ ಮರಗಳು, ಅವುಗಳ ಕೆಳಗೆ ತಲೆಕೆಳಗಾದ ಇನ್ನರ್ಧ.

ಮರದಿಂದ ಉದುರಿದ ಕಾಯಿ ಈಗ ನೆಲಕ್ಕೆ ಬೀಳುತ್ತಿರಲಿಲ್ಲ, ನೀರಿಗೆ ಬಿದ್ದು ಗಾಳಿ ಕರೆದ ಕಡೆ ಹೋಗುತ್ತಿತ್ತು. ನಮ್ಮೂರಲ್ಲಿ ಒಂದು ಹಳೆಯ ಪದ್ಧತಿಯಿದೆ. ಒಬ್ಬರ ತೋಟದಲ್ಲಿ ಬಿದ್ದ ಕಾಯಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ; ಆದರೆ ನೀರಲ್ಲಿ ತೇಲಿ ಏರಿಗೆ ಬಂದದ್ದು ‘ಕೆರೆ ಕೊಟ್ಟದ್ದು’. ಮೊದಲನೆಯದನ್ನು ತೂಬಿನ ಕಲ್ಲಿಗೆ ಒಡೆದು ಗಂಗಮ್ಮನಿಗೆ ಕೈಮುಗಿದರೆ ಉಳಿದದ್ದು ಎತ್ತಿಕೊಂಡವರ ಪಾಲು. ಸೌದೆ ತುಂಡಾಗಲಿ, ಪ್ಲಾಸ್ಟಿಕ್ ಬಿಂದಿಗೆಯಾಗಲಿ ಅದೇ ನ್ಯಾಯ. ಆ ವರ್ಷ ಬಟ್ಟೆ ಒಗೆಯಲು ಹೋದ ನಾವು ಬಕೆಟ್ಟಿನ ತಳದಲ್ಲಿ ಕಾಯಿ ಇಟ್ಟುಕೊಂಡು ಬರುವುದು ಮಾಮೂಲಾಗಿಹೋಗಿತ್ತು.

ಈಗ ಭಾವನ ವಿಷಯ ಹೇಳಬೇಕು. ನನ್ನ ಯಜಮಾನರ ಅಣ್ಣ ಅವರು. ಹರೆಯದಲ್ಲಿ ಕೊಬ್ಬರಿ ಲಾರಿ ಹತ್ತಿಕೊಂಡು ಮುಂಬಯಿಗೆ ಹೋದವರು ಅಲ್ಲಿಂದ ಹೇಗೋ ಸರಕು ಹಡಗಿಗೆ ಸೇರಿ, ಹಗ್ಗ, ಲಂಗರು, ಬಣ್ಣ ಬಳಿಯುವ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಳೆದು, ಕೊನೆಗೆ ನಮ್ಮ ಪಡಸಾಲೆಯ ಪಕ್ಕದ ಕೋಣೆಗೆ ಬಂದು ನೆಲೆಸಿದ್ದರು. ಮದುವೆ ಆಗಿರಲಿಲ್ಲ. ಊರವರ ಬಾಯಲ್ಲಿ ಅವರು ಹಡಗಣ್ಣ. ಸುತ್ತ ನೂರು ಮೈಲಿಯಲ್ಲಿ ಸಮುದ್ರವಿಲ್ಲದ ಊರಲ್ಲಿ ಹಡಗಿನವನೆಂದರೆ ಎಲ್ಲರಿಗೂ ತಮಾಷೆ. ಅಂಗಡಿಯ ಮಂಜಣ್ಣನಂತೂ ದಿನಾ ಕೆಣಕುತ್ತಿದ್ದ.

‘ಹಡಗಣ್ಣ, ಲಂಗರು ಎಲ್ಲಿ ಹಾಕಿದ್ದೀಯಾ? ರಾಗಿ ಹೊಲದಾಗೋ?’

‘ಇಲ್ಲ ಕಣಪ್ಪ. ನಿನ್ ಅಂಗಡಿ ಮುಂದಿನ ಕೆಸರಲ್ಲಿ ಹಾಕ್ದೆ. ಎತ್ತಕ್ಕೇ ಬರ್ತಿಲ್ಲ.’

ಭಾವ ನಕ್ಕು ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆ. ಹಗ್ಗ ಎಲ್ಲಿ ಕಂಡರೂ ಸುರುಳಿ ಸುತ್ತಿ ಗೂಟಕ್ಕೆ ಹಾಕುವರು. ಬೆಳಗ್ಗೆ ಎದ್ದ ಕೂಡಲೆ ಅಂಗಳದಲ್ಲಿ ನಿಂತು ಗಾಳಿ ಯಾವ ಕಡೆಯದು ಎಂದು ನೋಡುವರು. ಈಗ ಅವರಿಲ್ಲ. ಆದರೆ ಗಾಳಿ ಬೀಸಿದಾಗ ನನಗೂ ಅದೇ ಅಭ್ಯಾಸವಾಗಿದೆ.

ಅದು ಆಯುಧಪೂಜೆಗೆ ಎರಡು ದಿನ ಮೊದಲು. ಎಂಟೂವರೆ ಇರಬೇಕು. ಪೂಜೆಗೆ ಮನೆ ತೊಳೆಯುವ ಕೆಲಸ ಇದ್ದುದರಿಂದ ಬೇಗನೆ ಚಾಪೆಗಳನ್ನು ಒಗೆಯಲು ಏರಿಗೆ ಹೋಗಿದ್ದೆ. ಕೆರೆಯ ನಡುವಿನಿಂದ ಒಂದು ತೆಪ್ಪ ತಿರುಗುತ್ತ ತಿರುಗುತ್ತ ನಮ್ಮ ಕಡೆಗೆ ಬರುತ್ತಿತ್ತು. ಬಿದಿರಿನ ದೊಡ್ಡ ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿದ ದುಂಡನೆಯ ತೆಪ್ಪ. ಒಳಗೆ ಯಾರೂ ಇರಲಿಲ್ಲ. ಅದರ ಹಿಂದೆಮುಂದೆ ಹತ್ತಾರು ಕಾಯಿ, ಕೋಳಿಯ ಹಿಂದೆ ಮರಿಗಳು ಬಂದ ಹಾಗೆ.

ಮಂಜಣ್ಣ ಕಾಯಿ ಕೀಳುವ ದೋಟಿಯಿಂದ ತೆಪ್ಪವನ್ನು ಕೊಕ್ಕೆ ಹಾಕಿ ಎಳೆದ. ಇನ್ನಿಬ್ಬರು ಕೈಕೊಟ್ಟರು. ಕಾಯಿಗಳನ್ನೂ ಎಲ್ಲರೂ ಆರಿಸಿದರು. ನಾನೂ ಎರಡು ಬಕೆಟ್ಟಿಗೆ ಹಾಕಿಕೊಂಡೆ. ಮಂಜಣ್ಣ ಒಂದನ್ನು ತೂಬಿನ ಕಲ್ಲಿಗೆ ಒಡೆದು, ಯಾರದೋ ಮನೆಯಿಂದ ಕುಂಕುಮ ತರಿಸಿ ತೆಪ್ಪದ ಅಂಚಿಗೆ ಇಟ್ಟೂ ಆಯಿತು.

‘ಕೆರೆ ಕೊಟ್ಟದ್ದು ಕಣ್ರಪ್ಪ. ಇನ್ಮೇಲೆ ಇದು ನಂದು. ಯಾರಿಗಾದ್ರೂ ತಕರಾರು ಐತಾ?’

‘ಮೇಲಿನ ಕೆರೆ ಕೋಡಿ ಬಿದ್ದೈತಲ್ಲ, ಅಲ್ಲಿಂದ ಹಳ್ಳದಾಗೆ ಬಂದಿರ್ತದೆ’ ಎಂದರು ಒಬ್ಬರು.

ಅಷ್ಟರಲ್ಲಿ ಭಾವ ಬಂದರು. ಹಲ್ಲುಜ್ಜುವ ಬ್ರಷ್ಷು ಇನ್ನೂ ಕೈಯಲ್ಲಿತ್ತು, ದೂರದಿಂದಲೇ ನೋಡಿರಬೇಕು. ತೆಪ್ಪದ ಹತ್ತಿರ ಬಂದು ಯಾರೊಡನೆಯೂ ಮಾತಾಡದೆ ನೀರಿನ ಕಡೆ ತಿರುಗಿ, ಎರಡೂ ಕೈ ಬಾಯಿಗಿಟ್ಟು, ಕೂಗಿದರು. ಆಮೇಲೆ ಸುಮ್ಮನೆ ನಿಂತರು. ಮತ್ತೆ ಕೂಗಿದರು, ಮತ್ತೆ ನಿಂತರು. ಕೋಡಿಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

‘ಯಾರನ್ನ ಕೂಗ್ತಿದ್ದೀಯಾ ಹಡಗಣ್ಣ? ಮೀನನ್ನಾ?’ ಎಂದ ಮಂಜಣ್ಣ.

‘ಇದ್ರಲ್ಲಿ ಯಾರಿದ್ರು?’

‘ಯಾರೂ ಇರ್ಲಿಲ್ಲ. ನಾನೇ ಎಳೆದದ್ದು.’

‘ನೀನು ಎಳೆದಾಗ ಇರ್ಲಿಲ್ಲ. ಅದಕ್ಕೆ ಮೊದ್ಲು?’ ಭಾವ ನನ್ನ ಕಡೆ ತಿರುಗಿ, ‘ಟೈಮು ಎಷ್ಟಮ್ಮ? ಯಾವ ಕಡೆಯಿಂದ ಬಂತು, ನೀನು ನೋಡಿದೆಯಾ? ಜ್ಞಾಪಕ ಇಟ್ಕೋ’ ಎಂದರು. ಆಮೇಲೆ ಎಲ್ಲರಿಗೂ, ‘ಒಳಗಿರೋದು ಏನನ್ನೂ ಮುಟ್ಟಬೇಡಿ. ನೋಡಿ, ಅಷ್ಟೆ.’

ಆ ಧ್ವನಿ ನಾನು ಅದುವರೆಗೆ ಕೇಳಿರಲಿಲ್ಲ. ಗಟ್ಟಿಯಾಗೇನೂ ಇರಲಿಲ್ಲ. ಆದರೆ ದೋಟಿ ಹಿಡಿದಿದ್ದವನು ದೋಟಿ ಕೆಳಗಿಟ್ಟ.

ಮೀನು ಹಿಡಿಯುವ ರಂಗನದಲ್ಲದೆ ನಮ್ಮೂರಲ್ಲಿ ಬೇರೆ ತೆಪ್ಪ ಇರಲಿಲ್ಲ. ಮಂಜಣ್ಣ ಅವನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

‘ಲೇ ರಂಗ, ಬದುಕಿದ್ದೀಯೇನ್ಲಾ?’

‘ಯಾಕಣ್ಣೋ, ಬೆಳಗ್ಗೆ ಬೆಳಗ್ಗೇನೇ ಸಾಯಿಸ್ತೀಯಾ? ಉಪ್ಪಿಟ್ಟು ತಿಂತಾ ಇವ್ನಿ.’

‘ನಿನ್ ತೆಪ್ಪ ಈಚೆ ಬಂದೈತಲ್ಲೋ.’

‘ನಂದಾ? ನಿನ್ನೆ ಸಂಜೆ ಆ ಕಡೆ ದಡದಲ್ಲಿ ಮಗುಚಾಕಿ ಬಂದಿದ್ನಲ್ಲ.’

ಎಲ್ಲರೂ ನಕ್ಕರು. ನನಗೂ ಎದೆ ಹಗುರಾಯಿತು. ರಂಗ ಬದುಕಿದ್ದಾನೆ, ತೆಪ್ಪ ಅವನದು, ಗಾಳಿಗೆ ಬಂದಿದೆ. ಮಂಜಣ್ಣ ಬೇಜಾರಿನಿಂದ ಕುಂಕುಮ ಒರೆಸಲು ಹೊರಟ. ನಾನು ಚಾಪೆ ಸೆಳೆಯಲು ಬಗ್ಗಿದೆ.

ಭಾವ ಮಾತ್ರ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ‘ಮಗುಚಿ ಹಾಕಿದ ತೆಪ್ಪ ತಾನೇ ಎದ್ದು, ಹುಟ್ಟನ್ನ ಒಳಗಿಟ್ಕೊಂಡು ಹೊರಡ್ತದಾ?’ ಎಂದರು. ‘ತೆಪ್ಪದ ಯಜಮಾನ ಸಿಕ್ಕಿದ. ತೆಪ್ಪದಲ್ಲಿದ್ದೋನು ಸಿಕ್ಕಿಲ್ಲ.’

ನಾವೆಲ್ಲ ಇದು ಯಾರದು ಎಂದು ಕೇಳಿಕೊಂಡಿದ್ದೆವೇ ಹೊರತು, ಅವರೊಬ್ಬರೇ ಯಾರು ಎಂದು ಕೇಳಿದ್ದು.

ತೆಪ್ಪದೊಳಗೆ ಇದ್ದದ್ದು ಮೂರೇ ಸಾಮಾನು. ಅಡ್ಡವಾಗಿಟ್ಟ ಹುಟ್ಟು, ಒಂದು ಜೊತೆ ಹವಾಯಿ ಚಪ್ಪಲಿ, ಅಂಚಿಗೆ ಕಟ್ಟಿದ ಒಂದು ಹಗ್ಗ. ಭಾವ ಒಂದೊಂದನ್ನೇ ನೋಡುತ್ತ ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು: ‘ಹುಟ್ಟು ಹಾಕ್ತಾ ಇದ್ದೋನು ಬಿದ್ದಿದ್ರೆ ಹುಟ್ಟೂ ಬೀಳ್ತಿತ್ತು. ಚಪ್ಪಲಿ ಜೋಡಿಸಿಟ್ಟವ್ನೆ. ಇವನು ಬಿದ್ದಿಲ್ಲ, ಇಳಿದಿದ್ದಾನೆ. ನೀರಿನ ಮಧ್ಯೆ ಎಲ್ಲಿಗೆ ಇಳೀತಾನೆ?’

ಅವರು ಹಗ್ಗದ ತುದಿಯನ್ನು ಎತ್ತಿ ಹಿಡಿದಾಗ ನಾನು ನೋಡಿದೆ. ಅದು ದೋಣಿಯ ಹಗ್ಗವೇ ಅಲ್ಲ, ಕರುವಿನ ಕಣ್ಣಿ. ನಾರಿನ ಜೊತೆ ಹಸಿರು ಸೀರೆಯ ಅಂಚು ಸೇರಿಸಿ ಹೆಣೆದದ್ದು. ಕರುವಿನ ಕತ್ತು ಉಜ್ಜಬಾರದೆಂದು ಹಾಗೆ ಹೆಣೆಯುವವರು ಊರಲ್ಲಿ ಒಬ್ಬರೇ, ಸಿದ್ದಲಿಂಗಣ್ಣನ ಹೆಂಡತಿ.

‘ಭಾವ, ಇದು ಶಾಂತಕ್ಕನ ಕೈ’ ಎಂದೆ. ‘ಸಿದ್ದಲಿಂಗಣ್ಣನ ಕೊಟ್ಟಿಗೆಯದು.’

ಹೇಳುತ್ತಲೇ ಬಕೆಟ್ಟಿನ ಕಾಯಿ ನೆನಪಾಗಿ ಎತ್ತಿ ನೋಡಿದೆ. ಉದುರಿದ ಕಾಯಿಗೆ ತೊಟ್ಟು ಇರುವುದಿಲ್ಲ, ಇದ್ದರೂ ಒಣಗಿರುತ್ತದೆ. ನನ್ನ ಎರಡಕ್ಕೂ ತೊಟ್ಟು ಇತ್ತು. ಕುಡುಗೋಲಿನಿಂದ ಕುಯ್ದ ಗುರುತು ಇನ್ನೂ ಹಸಿಯಾಗಿತ್ತು. ಮಂಜಣ್ಣನ ರಾಶಿಯಲ್ಲೂ ಹಾಗೆಯೇ.

‘ಇವು ಉದುರಿದವಲ್ಲ ಭಾವ. ಈಗ ಕುಯ್ದವು.’

ಭಾವ ನನ್ನ ಮುಖ ನೋಡಿದರು. ‘ಮರದ ಮೇಲವ್ನೆ’ ಎಂದರು.

ಸಿದ್ದಲಿಂಗಣ್ಣನ ತೋಟ ಆಚೆ ದಡದಿಂದ ಶುರುವಾಗಿ ಕೆರೆಯ ಒಳಗೆ ತುಂಬಾ ದೂರ ಬಂದಿತ್ತು. ವಯಸ್ಸು ಅರವತ್ತರ ಹತ್ತಿರ. ಹರೆಯದಲ್ಲಿ ಮರ ಹತ್ತುವುದರಲ್ಲಿ ಎತ್ತಿದ ಕೈ. ಈಜು ಮಾತ್ರ, ನಮ್ಮೂರಿನ ಎಲ್ಲ ಗಂಡಸರ ಹಾಗೆ, ಬರುತ್ತಿರಲಿಲ್ಲ. ಎಲ್ಲಿ ಕಲಿಯಬೇಕಿತ್ತು? ಆಮೇಲೆ ಅವನೇ ಹೇಳಿದ ಹಾಗೆ, ಹತ್ತು ದಿನದಿಂದ ತನ್ನ ಕಾಯಿಯೆಲ್ಲ ಊರವರ ಬಕೆಟ್ಟಿಗೆ ಹೋಗುತ್ತಿರುವುದನ್ನು ನೋಡಿ ನೋಡಿ ಆ ದಿನ ನಸುಕಿನಲ್ಲೇ ರಂಗನಿಗೂ ಹೇಳದೆ ತೆಪ್ಪ ನೀರಿಗೆ ಹಾಕಿದ್ದ. ನಡುನೀರಿನ ಮರಕ್ಕೆ ಕಣ್ಣಿಯಿಂದ ತೆಪ್ಪವನ್ನು ಕಟ್ಟಿ, ಮೇಲೆ ಹತ್ತಿದ್ದ. ಕಟ್ಟಿದ್ದು ಹೇಗೆ? ಜೀವಮಾನವೆಲ್ಲ ಹಸು ಕಟ್ಟಿದ ಹಾಗೆ. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು.

‘ಹಸು ಎಳೀತದೆ, ಎಳೆದಷ್ಟೂ ಗಂಟು ಬಿಗಿಯಾಗ್ತದೆ’ ಎಂದರು ಭಾವ, ಹಗ್ಗದ ತುದಿಯ ಮುರಿಗೆಯನ್ನು ತೋರಿಸಿ. ‘ತೆಪ್ಪ ಎಳೆಯಲ್ಲ, ಕುಣೀತದೆ. ಕುಣಿದಾಗೆಲ್ಲ ಸಡಿಲ ಆಗ್ತದೆ.’

ಮಂಜಣ್ಣ ಆಗಲೇ ಅಗ್ನಿಶಾಮಕದವರಿಗೆ ಫೋನು ಹಚ್ಚಿದ್ದ. ಗಂಟೆಯ ಮೇಲಾಗುತ್ತದೆ ಎಂದರಂತೆ. ನಾನು ಒದ್ದೆ ಸೀರೆಯಲ್ಲೇ ಶಾಂತಕ್ಕನ ಮನೆಗೆ ಓಡಿದೆ. ಅವರು ಹಂಚಿನ ಮೇಲೆ ರೊಟ್ಟಿ ತಟ್ಟುತ್ತಿದ್ದರು.

‘ಸಿದ್ದಲಿಂಗಣ್ಣ ಎಲ್ಲಿ ಅಕ್ಕ?’

‘ತೋಟದ ಕಡೆ ಹೋದ್ರು ಕಣೇ. ಫೋನು ಇಲ್ಲೇ ಚಾರ್ಜಿಗೆ ಹಾಕ್ ಹೋಗವ್ರೆ. ಯಾಕೆ, ಕೂತ್ಕೋ, ರೊಟ್ಟಿ ತಿನ್ನು.’

ಹೇಗೆ ಹೇಳಬೇಕೋ ತಿಳಿಯಲಿಲ್ಲ. ‘ನಿಮ್ ಹಸಿರು ಕಣ್ಣಿ ಕೆರೆ ಏರೀಲಿ ಸಿಕ್ತು’ ಎಂದೆ. ಶಾಂತಕ್ಕ ಕೊಟ್ಟಿಗೆಯ ಕಡೆ ನೋಡಿದರು. ಕರು ಕಣ್ಣಿಯಿಲ್ಲದೆ ಬಿಟ್ಟಂತೆಯೇ ಇತ್ತು. ಅಷ್ಟು ಸಾಕಾಯಿತು. ಒಲೆ ಆರಿಸಲು ನಾನೇ ಹಿಂದೆ ಉಳಿಯಬೇಕಾಯಿತು.

ನಾವು ಏರಿಗೆ ಬರುವ ಹೊತ್ತಿಗೆ ರಂಗ ಬಂದಿದ್ದ. ಅವನೂ ಭಾವನೂ ಹೊರಟಾಗಿತ್ತು. ಆಮೇಲಿನದು ರಂಗ ಹೇಳಿ ನನಗೆ ಗೊತ್ತು. ಜೋರಾಗಿ ಹುಟ್ಟು ಹಾಕೋಣ ಎಂದು ಅವನು ಅವಸರ ಮಾಡಿದರೆ, ಭಾವ ಸ್ವಲ್ಪ ದೂರಕ್ಕೊಮ್ಮೆ ‘ನಿಲ್ಸು’ ಎನ್ನುತ್ತಿದ್ದರಂತೆ. ಕೂಗುವುದು, ನಿಲ್ಲುವುದು, ಕೇಳಿಸಿಕೊಳ್ಳುವುದು. ‘ನಿನ್ ಹುಟ್ಟಿನ ಸದ್ದಲ್ಲಿ ಅವನ ಸದ್ದು ಮುಚ್ಚೋಗ್ತದೆ ಕಣ್ಲಾ’ ಎಂದರಂತೆ. ಏರಿಯ ಮೇಲೆ ನಾವೂ ಹಾಗೇ ಉಸಿರು ಹಿಡಿದು ನಿಂತಿದ್ದೆವು. ಶಾಂತಕ್ಕ ನನ್ನ ಮುಂಗೈ ಹಿಡಿದಿದ್ದರು. ಸಂಜೆಯವರೆಗೂ ಅಲ್ಲಿ ಬಳೆಯ ಗುರುತು ಇತ್ತು.

ಆರೋ ಏಳೋ ಸಾಲು ಒಳಗೆ, ನೀರಿಗಿಂತ ಎರಡು ಮೊಳ ಮೇಲೆ, ಸಿದ್ದಲಿಂಗಣ್ಣ ಮರವನ್ನು ತಬ್ಬಿಕೊಂಡು ಕೂತಿದ್ದ. ಪಂಚೆ ಬಿಚ್ಚಿ ತನ್ನನ್ನೂ ಮರವನ್ನೂ ಸೇರಿಸಿ ಕಟ್ಟಿಕೊಂಡಿದ್ದ. ಕೂಗಿ ಕೂಗಿ ಗಂಟಲು ಹೋಗಿತ್ತು. ಇವರನ್ನು ಕಂಡದ್ದೇ ಪಂಚೆ ಬಿಚ್ಚಲು ಕೈ ಹಾಕಿದ.

‘ಬುಡಬ್ಯಾಡ’ ಎಂದರಂತೆ ಭಾವ. ‘ನಾನು ಹೇಳೋ ತನಕ ಮರ ಬುಡಬ್ಯಾಡ. ನೀನು ಹಾರಿದ್ರೆ ಮೂವರೂ ಹೋಗ್ತೀವಿ.’ ತೆಪ್ಪವನ್ನು ಮರಕ್ಕೆ ಒತ್ತಿ, ತಾವೇ ಎರಡು ಸುತ್ತು ಹಗ್ಗ ಬಿಗಿದು, ರಂಗನನ್ನು ಎದುರು ಮಗ್ಗುಲಿಗೆ ಕೂರಿಸಿ, ಆಮೇಲೆ ಒಂದೊಂದೇ ಕಾಲು ಇಳಿಸಿಕೊಂಡರಂತೆ.

ಏರಿಗೆ ತಂದು ಕೂರಿಸಿದಾಗ ಸಿದ್ದಲಿಂಗಣ್ಣನ ಎದೆಯೂ ತೋಳೂ ತರಚಿ ರಕ್ತವಾಗಿತ್ತು. ಶಾಂತಕ್ಕ ಅಳಲಿಲ್ಲ, ಬಯ್ಯಲಿಲ್ಲ. ಸೆರಗಿನಿಂದ ಅವನ ತಲೆ ಒರೆಸುತ್ತಲೇ ಇದ್ದರು. ಅವನು ಮೊದಲು ಆಡಿದ ಮಾತು, ಅದೂ ಗಾಳಿಯಂಥ ಧ್ವನಿಯಲ್ಲಿ: ‘ಮೂರು ಗೊನೆ ಕುಯ್ದಿದ್ದೆ. ಎಲ್ಲಾ ತೇಲ್ಕೊಂಡ್ ಹೋಯ್ತು.’

ಯಾರೂ ನಗಲಿಲ್ಲ. ಮಂಜಣ್ಣ ಎದ್ದು ತನ್ನ ರಾಶಿಯಿಂದ ಎರಡೆರಡು ಕಾಯಿ ತಂದು ಅವನ ಕಾಲ ಬಳಿ ಇಟ್ಟ. ಆಮೇಲೆ ಇನ್ನೊಬ್ಬರು. ಗೋಣಿಚೀಲದಿಂದ, ಟವೆಲ್ಲಿನ ಗಂಟಿನಿಂದ, ಮಡಿಲಿನಿಂದ ಒಂದೊಂದಾಗಿ ಬಂದವು. ನಾನೂ ಬಕೆಟ್ಟಿನಿಂದ ಎರಡನ್ನು ತೆಗೆದಿಟ್ಟೆ. ‘ಒಂದನ್ನ ಒಡೆದುಬುಟ್ಟೆ ಕಣಣ್ಣ’ ಎಂದ ಮಂಜಣ್ಣ, ತೂಬಿನ ಕಲ್ಲಿನ ಕಡೆ ನೋಡದೆ.

ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಭಾವ ಬಿಸಿನೀರಲ್ಲಿ ಸ್ನಾನ ಮಾಡಿ ಊಟಕ್ಕೆ ಕೂತರು. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದೆ. ಯಜಮಾನರು ಹುಳಿಯಾರಿನ ಸಂತೆಗೆ ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಅವರಿಗೆ ಹೇಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಭಾವ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿದವರು ಹಾಗೇ ಕೂತರು.

‘ಸಿದ್ದಲಿಂಗ ಒಬ್ಬನೇ ಹೋಗಿದ್ನಾ?’

‘ಒಬ್ರೇ ಅಲ್ವಾ ಭಾವ? ಮರದ ಮೇಲೆ ಇದ್ದದ್ದು ಒಬ್ರೇ.’

‘ಸಿಕ್ಕಿದ್ದು ಒಬ್ಬ ಕಣಮ್ಮ. ಹೋಗಿದ್ದು ಎಷ್ಟು ಜನ ಅಂತ ಯಾರಾದ್ರೂ ಕೇಳಿದ್ರಾ?’

ಯಾರೂ ಕೇಳಿರಲಿಲ್ಲ. ಎರಡು ಊರಿನಷ್ಟು ಜನ ಏರಿಯ ಮೇಲೆ ಸೇರಿದ್ದೆವು, ಒಬ್ಬರೂ ಕೇಳಿರಲಿಲ್ಲ. ಅವರು ಎಂಜಲು ಕೈಯಲ್ಲೇ ಎದ್ದರು. ಜಗಲಿಯ ಬಿಂದಿಗೆಯಿಂದ ಕೈಗೆ ನೀರು ಹಾಕಿಕೊಂಡು ಹೊರಟೇಬಿಟ್ಟರು. ನಾನು ಕೊಡೆ ತೆಗೆದುಕೊಂಡು ಹಿಂದೆ ಹೋದೆ.

ಸಿದ್ದಲಿಂಗಣ್ಣ ಕಂಬಳಿ ಹೊದ್ದು ಮಲಗಿದ್ದ. ‘ಈಗ ತಾನೆ ಕಣ್ಣು ಮುಚ್ಚವ್ರೆ’ ಎಂದರು ಶಾಂತಕ್ಕ, ಬಾಗಿಲಿಗೆ ಅಡ್ಡ ನಿಂತು.

‘ಎಬ್ಬಿಸಮ್ಮ’ ಎಂದರು ಭಾವ.

ಅವನು ಕಣ್ಣು ಬಿಟ್ಟ ಮೇಲೆ ಹತ್ತಿರ ಬಗ್ಗಿ ಕೇಳಿದರು. ‘ಸಿದ್ದಲಿಂಗ, ನಿನ್ ಜೊತೆ ಯಾರಿದ್ರು?’

‘ಯಾರೂ ಇರ್ಲಿಲ್ಲ.’

‘ಕೂಲಿಯೋನು? ಕಾಯಿ ಆರಿಸೋಕೆ ಯಾರಾದ್ರೂ?’

‘ಯಾರೂ ಇಲ್ಲ ಕಣಣ್ಣ. ಕದ್ದು ತಂದ ತೆಪ್ಪ, ಯಾರನ್ನ ಕರಕೊಂಡು ಹೋಗ್ಲಿ? ನಾನೊಬ್ನೇಯ.’

‘ಶಿವನ ಮೇಲಾಣೆ?’

‘ಶಿವನ ಮೇಲಾಣೆ.’

ಭಾವ ತಲೆಯಾಡಿಸಿದರು. ಎದ್ದು ಬಂದು ಅವರ ಜಗಲಿಯ ಮೇಲೆ ಕೂತುಬಿಟ್ಟರು.   ಮಳೆ ಹನಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಒಂದೇ ಕೊಡೆಯಲ್ಲಿ ಹೊರಟೆವು. ದಾರಿಯಲ್ಲಿ, ನಾನು ಕೇಳದೆಯೇ ಹೇಳಿದರು.

‘ಹಡಗಲ್ಲಿ ಒಂದ್ಸಲ ಹಿಂಗೇ ಒಂದು ದೋಣಿ ಕಂಡ್ತು. ಖಾಲಿ. ಮೊದ್ಲು ನೋಡಿದೋನು ನಾನೇ. ಸುತ್ತ ಹುಡುಕಿದ್ವಿ. ಒಬ್ಬ ಒಂದು ಹಲಗೆ ಹಿಡ್ಕೊಂಡು ತೇಲ್ತಾ ಇದ್ದ, ಪ್ರಜ್ಞೆ ಇರ್ಲಿಲ್ಲ. ಎತ್ಕೊಂಡ್ವಿ. ಎಲ್ರಿಗೂ ಖುಷಿಯೋ ಖುಷಿ, ಅಡುಗೆಯೋನು ಪಾಯಸ ಮಾಡ್ದ. ಹಡಗು ಹೊರಟುಬುಡ್ತು. ಮಾರನೇ ದಿನ ಸಂಜೆ ಅವನಿಗೆ ಎಚ್ಚರ ಆಯ್ತು. ಅವನ ಭಾಷೆ ನಮಗೆ ಬರ್ತಿರ್ಲಿಲ್ಲ. ನಮ್ಮ ಮುಖ ಎಲ್ಲಾ ಒಂದು ಸುತ್ತು ನೋಡಿ, ಎರಡು ಬೆರಳು ತೋರಿಸಿದ.’

ನಾನು ಕೊಡೆಯನ್ನು ಅವರ ಕಡೆ ಸ್ವಲ್ಪ ವಾಲಿಸಿದೆ.

ಮನೆಗೆ ಬಂದಾಗ ತಟ್ಟೆಯಲ್ಲಿ ಮುದ್ದೆ ತಣ್ಣಗಾಗಿ ಮೇಲೆ ಸಿಪ್ಪೆ ಕಟ್ಟಿತ್ತು. ಬೇರೆ ಮಾಡಿಕೊಡುತ್ತೇನೆಂದು ತಟ್ಟೆಗೆ ಕೈ ಹಾಕಿದೆ. ‘ಇರ್ಲಿ ಬುಡಮ್ಮ, ಸಾರು ಒಂಚೂರು ಬಿಸಿ ಮಾಡಿದ್ರೆ ಸಾಕು’ ಎಂದರು. ಬಿಸಿ ಸಾರು ಹಾಕಿದೆ. ಮೊದಲು ಮುರಿದಿಟ್ಟಿದ್ದ ತುತ್ತಿನಿಂದಲೇ ಶುರು ಮಾಡಿ, ತಟ್ಟೆ ಖಾಲಿ ಮಾಡಿ, ಎಂದೂ ಕೇಳದವರು ಇನ್ನೊಂದು ಮುದ್ದೆ ಇದೆಯಾ ಎಂದು ಕೇಳಿದರು.